ಹಳೆಯ ಕಾರಿಗೆ ಹೊಸ ಕಂಟ್ರೋಲ್ ಯೂನಿಟ್: ಸಿಗ್ನಲ್ ಪರೀಕ್ಷೆಗೂ ಒಂದು ದರ ಬೇಕು

ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಗಲ್ಲಾದ ಹಿಂದಿನ ಗೋಡೆಯ ಮೇಲೆ ‘ವಿದ್ಯುತ್ ಸಾಮಾನುಗಳನ್ನು ಮರಳಿ ಪಡೆಯಲಾಗುವುದಿಲ್ಲ’ ಎಂಬ ಫಲಕವನ್ನು ಕಾಣದ ವರ್ತಕರು ವಿರಳ. ಕಂಡೆನ್ಸರ್, ರಿಲೇ, ಫ್ಲ್ಯಾಶರ್ ಮೊದಲಾದ ಸಣ್ಣ ಬೆಲೆಯ ವಸ್ತುಗಳ ಕಾಲದಲ್ಲಿ ಹುಟ್ಟಿಕೊಂಡ ಈ ನಿಯಮವು ಅಂದಿನ ಮಟ್ಟಿಗೆ ನ್ಯಾಯವಾಗಿಯೇ ಇತ್ತು. ತಪ್ಪಾಗಿ ಜೋಡಿಸಿ ಸುಟ್ಟ ವಸ್ತುವನ್ನು ಅಂಗಡಿಯವನ ತಲೆಗೆ ಕಟ್ಟುವುದು ಸರಿಯಲ್ಲ. ನೂರಿನ್ನೂರು ರೂಪಾಯಿಗಳ ನಷ್ಟವನ್ನು ಗ್ರಾಹಕನೂ ಸಹಿಸಿಕೊಳ್ಳುತ್ತಿದ್ದ. ಆದರೆ ಅದೇ ಫಲಕದ ಕೆಳಗೆ ಈಗ ಸಾವಿರಾರು ರೂಪಾಯಿ ಬೆಲೆಯ ಎಂಜಿನ್ ಕಂಟ್ರೋಲ್ ಯೂನಿಟ್‌ಗಳು, ಸೆನ್ಸರ್‌ಗಳು ಮತ್ತು ಕಾಯಿಲ್ ಪ್ಯಾಕ್‌ಗಳು ಮಾರಾಟವಾಗುತ್ತಿವೆ. ನಿಯಮ ಮಾತ್ರ ಕಂಡೆನ್ಸರ್ ಕಾಲದ್ದೇ ಉಳಿದಿದೆ.

ಕಾರ್ಬ್ಯುರೇಟರ್ ಮತ್ತು ಪಾಯಿಂಟ್ ಇಗ್ನಿಷನ್‌ನ ಹಳೆಯ ಕಾರುಗಳಿಗೆ ಹೊರಗಿನಿಂದ ತಂದ ಎಂಜಿನ್ ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸುವ ಕೆಲಸ ಇಂದು ದೊಡ್ಡ ನಗರಗಳ ಹವ್ಯಾಸಿಗಳಿಗಷ್ಟೇ ಸೀಮಿತವಾಗಿಲ್ಲ. ಪ್ರೀಮಿಯರ್ ಪದ್ಮಿನಿಯ ಉತ್ಪಾದನೆ 2000ದ ಸುಮಾರಿಗೆ ಕೊನೆಗೊಂಡಿತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಮತ್ತು ಅದಕ್ಕಿಂತ ಎಷ್ಟೋ ಹಿರಿಯದಾದ ಅಂಬಾಸಿಡರ್ ಎರಡೂ 2014ರಲ್ಲಿ ನಿಂತುಹೋದವು. 796 ಸಿ.ಸಿ. ಎಂಜಿನ್ನಿನ ಮಾರುತಿ ವ್ಯಾನ್, ಅಂದರೆ ಓಮ್ನಿ, 2019ರವರೆಗೆ ತಯಾರಾಯಿತು. ಕಾರುಗಳ ತಯಾರಿಕೆ ನಿಂತರೂ ಕಾರುಗಳು ನಿಂತಿಲ್ಲ. ಅವುಗಳ ಕಾರ್ಬ್ಯುರೇಟರ್‌ನ ಒಳ್ಳೆಯ ದುರಸ್ತಿ ಕಿಟ್ ಮತ್ತು ಆಡದ ಶಾಫ್ಟಿನ ಡಿಸ್ಟ್ರಿಬ್ಯೂಟರ್ ದೊರೆಯುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಇದರ ಜೊತೆಗೆ ಇಂಧನವೂ ಬದಲಾಗಿದೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಶುದ್ಧ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಹಳೆಯ ಜೆಟ್‌ಗೆ ಇದರ ಅರಿವಿಲ್ಲ. ಅದು ಹಳೆಯ ಲೆಕ್ಕದಲ್ಲಿಯೇ ಇಂಧನ ಕೊಡುತ್ತದೆ. ಹೀಗಾಗಿ ಮಿಶ್ರಣವನ್ನೂ ಟೈಮಿಂಗನ್ನೂ ಕೋಷ್ಟಕದಲ್ಲಿ ತಿದ್ದಬಹುದಾದ ವಿದ್ಯುನ್ಮಾನ ಘಟಕದ ಕಡೆಗೆ ಮಾಲೀಕರ ಮನಸ್ಸು ಹರಿಯುವುದು ಸಹಜ.

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯಂತಹ ಊರಿಗೆ ಈ ಕೆಲಸ ಬಂದಾಗ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಘಟಕ ಬೆಂಗಳೂರಿನಿಂದಲೋ ಅಂತರ್ಜಾಲದ ಮಳಿಗೆಯಿಂದಲೋ ಕೊರಿಯರ್ ಮೂಲಕ ಬರುತ್ತದೆ. ಕಾಯಿಲ್ ಮತ್ತು ಸೆನ್ಸರ್ ಹುಬ್ಬಳ್ಳಿಯ ಅಂಗಡಿಯವು. ಜೋಡಿಸುವವನು ಊರಿನ ಆಟೋ ಇಲೆಕ್ಟ್ರಿಷಿಯನ್. ಪಂಪ್‌ಸೆಟ್‌ಗಳ ಸ್ಟಾರ್ಟರ್‌ನಿಂದ ಟ್ರ್ಯಾಕ್ಟರ್‌ಗಳ ಡೈನಮೋದವರೆಗೆ ಕೈಯಾಡಿಸಿದವನು, ಕೆಲಸಗಾರನೇ ಸರಿ. ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೂ ಎರಡು ಸಾವಿರ ಸುತ್ತಿನ ಮೇಲೆ ಕೆಮ್ಮುತ್ತದೆ. ಇಲೆಕ್ಟ್ರಿಷಿಯನ್ ‘ಕರೆಂಟು ಬರುತ್ತಿಲ್ಲ’ ಎನ್ನುತ್ತಾನೆ. ಮೊದಲು ಕಾಯಿಲ್ ಬದಲಾಗುತ್ತದೆ, ನಂತರ ಸೆನ್ಸರ್, ಕೊನೆಗೆ ಘಟಕದ ಮೇಲೆಯೇ ಅನುಮಾನ. ಒಂದೊಂದು ವಸ್ತುವಿಗೂ ಹುಬ್ಬಳ್ಳಿಗೆ ಹೋಗಿಬರಲು ಒಂದೊಂದು ದಿನ. ಅಂಗಡಿಯವನು ಫಲಕ ತೋರಿಸುತ್ತಾನೆ, ಘಟಕದ ಮಾರಾಟಗಾರನು ‘ಜೋಡಣೆಯ ದೋಷ’ ಎಂದು ಕೈ ತೊಳೆದುಕೊಳ್ಳುತ್ತಾನೆ, ಮಾಲೀಕನು ಇಲೆಕ್ಟ್ರಿಷಿಯನ್‌ನ ಕೂಲಿ ಹಿಡಿದಿಟ್ಟುಕೊಳ್ಳುತ್ತಾನೆ. ಮೂವರಲ್ಲಿ ಯಾರೂ ಮೋಸಗಾರರಲ್ಲ. ಆದರೂ ಮೂವರ ನಡುವಿನ ವ್ಯವಹಾರ ಅಲ್ಲಿಗೆ ಮುರಿಯುತ್ತದೆ. ಆ ಊರಿನಿಂದ ಇಂಥ ಮತ್ತೊಂದು ಬೇಡಿಕೆ ಬರುವುದು ಅನುಮಾನವೇ.

ಇಲ್ಲಿ ಯಾರೂ ಮಾಡದೆ ಉಳಿದ ಕೆಲಸ ಒಂದೇ: ಸಿಗ್ನಲ್ ಅನ್ನು ಅಳೆದು ನೋಡುವುದು. ಅಳತೆಯ ಆ ಕೆಲಸಕ್ಕೆ ಬಿಲ್ಲಿನಲ್ಲಿ ಸ್ಥಾನವಿಲ್ಲದ ಕಾರಣ ಅದನ್ನು ಯಾರೂ ಮಾಡುವುದಿಲ್ಲ ಎಂಬುದೇ ಈ ವ್ಯಾಪಾರದ ಮೂಲ ದೋಷ. ಇದನ್ನು ಒಪ್ಪಬೇಕಾದರೆ ಹಳೆಯ ಮತ್ತು ಹೊಸ ವ್ಯವಸ್ಥೆಗಳ ನಡುವಿನ ಅಂತರವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಹಳೆಯ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಎಂಬುದು ಒಂದು ಸ್ವಿಚ್. ಅದು ಮುಚ್ಚಿದಾಗ ಕಾಯಿಲ್ ತುಂಬಿಕೊಳ್ಳುತ್ತದೆ, ತೆರೆದಾಗ ಕಿಡಿ ಹಾರುತ್ತದೆ. ಕಿಡಿ ಯಾವಾಗ ಹಾರಬೇಕೆಂಬ ತೀರ್ಮಾನ ಮತ್ತು ಕಿಡಿಗೆ ಬೇಕಾದ ಶಕ್ತಿಯ ಹರಿವು ಎರಡನ್ನೂ ಒಂದೇ ಸ್ವಿಚ್ ನಿರ್ವಹಿಸುತ್ತಿತ್ತು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವ ಕೆಲಸ ಒಳಗಿನ ತೂಕದ ಗುಂಡುಗಳದ್ದು ಮತ್ತು ವ್ಯಾಕ್ಯೂಮ್ ಡಬ್ಬಿಯದ್ದು. ಹೊಸ ವ್ಯವಸ್ಥೆಯಲ್ಲಿ ಈ ಮೂರೂ ಕೆಲಸಗಳು ಬೇರೆಬೇರೆಯಾಗುತ್ತವೆ. ಕ್ರ್ಯಾಂಕ್ ಎಲ್ಲಿದೆ ಎಂಬ ಸುದ್ದಿಯನ್ನು ಸೆನ್ಸರ್ ತರುತ್ತದೆ, ಘಟಕವು ಲೆಕ್ಕ ಹಾಕುತ್ತದೆ, ಇಗ್ನೈಟರ್ ಕಾಯಿಲನ್ನು ನಡೆಸುತ್ತದೆ. ಸುದ್ದಿ ಸರಿಯಾಗಿ ಬಾರದಿದ್ದರೆ ಉಳಿದ ಎರಡೂ ಎಷ್ಟೇ ಬೆಲೆಬಾಳಿದರೂ ನಿರುಪಯುಕ್ತ. ಹಳೆಯ ಕಾರಿನಲ್ಲಿ ಸುದ್ದಿ ಕೆಡುವುದಕ್ಕೆ ಇರುವ ದಾರಿಗಳೋ ಹಲವು.

ಮೊದಲ ದಾರಿ, ಸುಲಭವೆಂದು ಕಾಣುವ ದಾರಿಯೇ. ಕಾಯಿಲ್‌ನ ನೆಗೆಟಿವ್ ತುದಿಯಿಂದ ಒಂದು ವಾಯರ್ ಎಳೆದು ಘಟಕಕ್ಕೆ ಸುತ್ತಿನ ಸಿಗ್ನಲ್ ಕೊಡುವುದು. ಎಲ್.ಪಿ.ಜಿ. ಕಿಟ್ ಕೂಡಿಸಿದ ಇಲೆಕ್ಟ್ರಿಷಿಯನ್‌ಗಳಿಗೆ ಇದು ಪರಿಚಿತ. ಎಂಜಿನ್ ನಿಂತ ಕೂಡಲೇ ಅನಿಲ ಕಡಿಯಬೇಕಾದ ಸ್ವಿಚ್ಚಿಗೆ ಇದೇ ತುದಿಯಿಂದ ಸಿಗ್ನಲ್ ಕೊಡುವುದು ವಾಡಿಕೆ. ಆದರೆ ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಬೇರೆ, ಅದು ಯಾವ ಡಿಗ್ರಿಯಲ್ಲಿದೆ ಎಂದು ತಿಳಿಯುವುದು ಬೇರೆ. ಪಾಯಿಂಟ್ ತೆರೆದ ಕ್ಷಣದಲ್ಲಿ ಆ ತುದಿಯಲ್ಲಿ 12 ವೋಲ್ಟ್ ಇರುವುದಿಲ್ಲ; 200ರಿಂದ 400 ವೋಲ್ಟ್‌ವರೆಗೆ ಜಿಗಿದು, ಗಂಟೆ ಬಾರಿಸಿದ ಮೇಲಿನ ನಾದದಂತೆ ಹಲವು ಬಾರಿ ಏರಿಳಿದು ಶಾಂತವಾಗುತ್ತದೆ. ರಕ್ಷಣೆಯಿಲ್ಲದ ಘಟಕವು ಆ ಹೊಡೆತಕ್ಕೆ ಸುಡುತ್ತದೆ. ರಕ್ಷಣೆಯಿದ್ದದ್ದು ಒಂದು ಕಿಡಿಯನ್ನು ಮೂರು ಕಿಡಿಯೆಂದು ಎಣಿಸಿ, ಎಂಟುನೂರು ಸುತ್ತಿನ ಎಂಜಿನ್ನನ್ನು ಎರಡು ಸಾವಿರದ ಮೇಲೆಂದು ತೋರಿಸುತ್ತದೆ. ಸವೆದ ಪಾಯಿಂಟ್ ಮುಚ್ಚುವಾಗ ಪುಟಿಯುವುದೂ ಇಂಥದೇ ಸುಳ್ಳು ಎಣಿಕೆಗೆ ಕಾರಣ. ನಡುವೆ ರೆಸಿಸ್ಟರ್ ಮತ್ತು ಜೀನರ್ ಡಯೋಡ್ ಅಥವಾ ಆಪ್ಟೋಕಪ್ಲರ್ ಇರುವ ಒಂದು ಸಣ್ಣ ಸರ್ಕ್ಯೂಟ್ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಅದರ ಬೆಲೆ ಘಟಕದ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು.

ಡಿಸ್ಟ್ರಿಬ್ಯೂಟರ್‌ನಿಂದಲೇ ಸಿಗ್ನಲ್ ಪಡೆಯುವುದಾದರೆ ಒಳಗಿನ ತೂಕದ ಗುಂಡುಗಳನ್ನೂ ವ್ಯಾಕ್ಯೂಮ್ ಫಲಕವನ್ನೂ ಆಡದಂತೆ ಬಿಗಿಯಬೇಕು. ಇದನ್ನು ಮರೆತಲ್ಲಿ ಘಟಕವೂ ಕಿಡಿಯನ್ನು ಮುಂದಕ್ಕೆ ತರುತ್ತದೆ, ಗುಂಡುಗಳೂ ತರುತ್ತವೆ. ಆಗ ಎಂಜಿನ್ ಖಾಲಿ ಓಟದಲ್ಲಿ ಚೆನ್ನಾಗಿದ್ದು, ಏರಿನಲ್ಲಿ ಭಾರ ಬಿದ್ದಾಗ ಬಡಿಯುತ್ತದೆ. ಪಿಸ್ಟನ್‌ಗೆ ತೂತು ಬಿದ್ದ ಮೇಲೆ ದೂರು ಹೇಳುವುದು ಪೆಟ್ರೋಲ್ ಬಂಕಿನ ಮೇಲೆ.

ಹೆಚ್ಚು ನಂಬಬಹುದಾದ ಮಾರ್ಗವೆಂದರೆ ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಕೂಡಿಸಿ, ಅದರೆದುರು ಸೆನ್ಸರ್ ನಿಲ್ಲಿಸುವುದು. 36 ಹಲ್ಲಿನ ಸ್ಥಾನಗಳಲ್ಲಿ ಒಂದನ್ನು ಬಿಟ್ಟ ಚಕ್ರ, ಅಥವಾ 60ರಲ್ಲಿ ಎರಡನ್ನು ಬಿಟ್ಟ ಚಕ್ರ ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ, ಎರಡನೆಯದರಲ್ಲಿ 6. ಹಲ್ಲಿಲ್ಲದ ಜಾಗವೇ ಘಟಕಕ್ಕೆ ಗುರುತಿನ ಕಲ್ಲು. ಸುರುಳಿಯ ಸೆನ್ಸರ್‌ಗೆ ಎರಡೇ ವಾಯರ್. ಹಲ್ಲು ಹಾದುಹೋದಾಗ ಅದು ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸ್ಟಾರ್ಟರ್ ತಿರುಗಿಸುವಾಗ, ನಿಮಿಷಕ್ಕೆ ಇನ್ನೂರು ಸುತ್ತಿನಲ್ಲಿ, ಸೆಕೆಂಡಿಗೆ 120 ಹಲ್ಲುಗಳು ಹಾಯುತ್ತವೆ ಮತ್ತು ಸಿಗ್ನಲ್ ಒಂದು ವೋಲ್ಟ್‌ನ ಆಸುಪಾಸಿಗೂ ಇಳಿಯಬಹುದು. ಆರು ಸಾವಿರ ಸುತ್ತಿನಲ್ಲಿ 3,600 ಹಲ್ಲುಗಳು, ಹತ್ತಾರು ವೋಲ್ಟ್‌ಗಳು. ಅಂತರ ಒಂದು ಮಿಲಿಮೀಟರ್ ಮೀರಿದರೆ ಎಂಜಿನ್ ಓಡುವಾಗ ಸರಿಯಿದ್ದು, ಸ್ಟಾರ್ಟ್ ಆಗುವುದೇ ಕಷ್ಟ. ತಳ್ಳಿದರೆ ಹೊತ್ತಿಕೊಳ್ಳುವ, ಕೀಲಿ ತಿರುಗಿಸಿದರೆ ಹೊತ್ತಿಕೊಳ್ಳದ ಕಾರುಗಳ ಗುಟ್ಟು ಕೆಲವೊಮ್ಮೆ ಇಷ್ಟೇ ಆಗಿರುತ್ತದೆ.

ಈ ಎರಡು ವಾಯರ್‌ಗಳನ್ನು ಅದಲುಬದಲು ಮಾಡಿದರೂ ಸಿಗ್ನಲ್ ಬರುತ್ತದೆ ಎಂಬುದೇ ಅತ್ಯಂತ ಮೋಸದ ಸಂಗತಿ. ಸರಿಯಾದ ಜೋಡಣೆಯಲ್ಲಿ ಹಲ್ಲಿನ ನಡುಭಾಗ ಸೆನ್ಸರ್ ಎದುರು ಬಂದಾಗ ಅಲೆಯು ಸೊನ್ನೆಯನ್ನು ಕಡಿದಾಗಿ ದಾಟುತ್ತದೆ, ಘಟಕವು ಆ ದಾಟುವಿಕೆಯನ್ನು ಹಿಡಿಯುತ್ತದೆ. ತಿರುವುಮುರುವಾದಲ್ಲಿ ಘಟಕವು ಹಿಡಿಯುವುದು ಹಲ್ಲುಗಳ ನಡುವಿನ ಸಂದನ್ನು. ಬಿಟ್ಟ ಹಲ್ಲಿನ ಅಗಲವಾದ ಜಾಗದಲ್ಲಿ ಆ ದಾಟುವಿಕೆ ನಿಧಾನವಾದುದರಿಂದ ಗುರುತು ವೇಗಕ್ಕೆ ತಕ್ಕಂತೆ ಜರುಗುತ್ತದೆ. ಎಂಜಿನ್ ಹೊತ್ತಿಕೊಂಡೀತು, ಆದರೆ ಸುತ್ತು ಏರಿದಂತೆ ಗುರುತು ತಪ್ಪಿ ಕೆಮ್ಮುತ್ತದೆ. ಮಲ್ಟಿಮೀಟರ್ ಎರಡೂ ಸಂದರ್ಭಗಳಲ್ಲಿ ಒಂದೇ ಸಂಖ್ಯೆಯನ್ನು ತೋರಿಸುತ್ತದೆ. ಅಲೆಯ ಆಕಾರವನ್ನು ತೋರಿಸುವ ಆಸಿಲೋಸ್ಕೋಪ್ ಇಲ್ಲದೆ ಇದನ್ನು ಹಿಡಿಯುವುದು ಅದೃಷ್ಟದ ಮಾತು. ಕೈಯಲ್ಲಿ ಹಿಡಿಯುವ ಸಣ್ಣ ಆಸಿಲೋಸ್ಕೋಪ್ ಇಂದು ಒಂದು ಒಳ್ಳೆಯ ಕಾರ್ ಬ್ಯಾಟರಿಯ ಬೆಲೆಯ ಆಸುಪಾಸಿನಲ್ಲಿ ದೊರೆಯುತ್ತದೆ. ಆದರೂ ಬಿಡಿಭಾಗಗಳ ಅಂಗಡಿಗಳಲ್ಲಿ ಅದನ್ನು ಇಟ್ಟವರು ಕಡಿಮೆ.

ಮೂರು ವಾಯರ್‌ಗಳ ಹಾಲ್ ಸೆನ್ಸರ್‌ನ ಕಥೆ ಬೇರೆ. ಅದಕ್ಕೆ ವಿದ್ಯುತ್ ಪೂರೈಕೆ ಬೇಕು. ಸಾಮಾನ್ಯವಾಗಿ ಅದು ತಾನಾಗಿ ವೋಲ್ಟೇಜ್ ಕೊಡದೆ, ಸಿಗ್ನಲ್ ವಾಯರನ್ನು ಅರ್ತಿಗೆ ಎಳೆಯುತ್ತದೆ, ಬಿಡುತ್ತದೆ. ಬಿಟ್ಟಾಗ ಮೇಲಕ್ಕೇರಿಸಲು 5 ವೋಲ್ಟ್‌ಗೆ ಕಟ್ಟಿದ ಒಂದು ರೆಸಿಸ್ಟರ್ ಬೇಕು, ಸಾವಿರ ಓಮ್‌ನಿಂದ ನಾಲ್ಕೂವರೆ ಸಾವಿರ ಓಮ್‌ವರೆಗಿನದು. ಕೆಲವು ಘಟಕಗಳಲ್ಲಿ ಅದು ಒಳಗೇ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಒಂದೆರಡು ರೂಪಾಯಿಯ ಈ ರೆಸಿಸ್ಟರ್ ಇಲ್ಲದ ಕಾರಣಕ್ಕೆ ಒಳ್ಳೆಯ ಸೆನ್ಸರ್ ‘ಡೆಡ್’ ಎಂದು ತಿಪ್ಪೆ ಸೇರುವುದುಂಟು.

ಇನ್ನು ವಿದ್ಯುತ್ ಪೂರೈಕೆಯ ವಿಚಾರ. ಹಳೆಯ ಕಾರುಗಳ ವಾಯರಿಂಗ್ ಎಷ್ಟು ಕೈಗಳನ್ನು ದಾಟಿ ಬಂದಿದೆಯೆಂದು ಹೇಳುವುದು ಕಷ್ಟ. ಬಣ್ಣಗಳಿಗೂ ಅರ್ಥ ಉಳಿದಿರುವುದಿಲ್ಲ. ನಿಂತಾಗ 12.6 ವೋಲ್ಟ್ ಇರುವ ಬ್ಯಾಟರಿ ಸ್ಟಾರ್ಟರ್ ಎಳೆದಾಗ 9–10 ವೋಲ್ಟ್‌ಗೆ ಕುಸಿಯುವುದು ಸಾಮಾನ್ಯ. ಘಟಕದ ಪೂರೈಕೆಯನ್ನು ರೇಡಿಯೊದ ಸಾಲಿನಿಂದ ತೆಗೆದುಕೊಂಡಿದ್ದರೆ ಸ್ಟಾರ್ಟ್ ಸ್ಥಾನದಲ್ಲಿ ಆ ಸಾಲು ಪೂರ್ತಿ ಕಡಿದುಹೋಗುತ್ತದೆ. ಕೀಲಿ ಬಿಟ್ಟ ಕ್ಷಣದಲ್ಲಿ ಮಾತ್ರ ಒಂದು ಕಿಡಿ ಹಾರಿ ಎಂಜಿನ್ ಆಸೆ ತೋರಿಸುತ್ತದೆ. ಬ್ಯಾಲಾಸ್ಟ್ ರೆಸಿಸ್ಟರ್ ಇರುವ ಕಾರಿನಲ್ಲಿ ಅದರಾಚೆಯಿಂದ ಪೂರೈಕೆ ತೆಗೆದವರೂ ಇದ್ದಾರೆ. ಅಲ್ಲಿ ಎಂಜಿನ್ ಓಡುವಾಗ ಸಿಗುವುದೇ ಏಳೆಂಟು ವೋಲ್ಟ್. ಎಂಜಿನ್ ಇಳಿಸಿ ಕೂಡಿಸಿದಾಗ ಮರಳಿ ಹಾಕದ ಅರ್ತ್ ಪಟ್ಟಿಯೂ ಇಷ್ಟೇ ಅಪಾಯಕಾರಿ. ಸ್ಟಾರ್ಟರ್‌ನ ನೂರಾರು ಆಂಪಿಯರ್ ದಾರಿ ಹುಡುಕುತ್ತಾ ಸೆನ್ಸರ್‌ನ ತೆಳುವಾದ ಅರ್ತ್ ವಾಯರಿಗೆ ನುಗ್ಗುತ್ತದೆ. ಸ್ಟಾರ್ಟರ್ ಎಳೆಯುತ್ತಿರುವಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಬ್ಲಾಕಿಗೂ ನಡುವೆ ಅಳೆದರೆ ಅರ್ಧ ವೋಲ್ಟ್‌ಗೂ ಕಡಿಮೆ ಇರಬೇಕು. ಈ ಅಳತೆಗೆ ಸಾಮಾನ್ಯ ಮೀಟರೇ ಸಾಕು, ಒಂದು ನಿಮಿಷದ ಕೆಲಸ.

ಪ್ಲಗ್‌ಗಳನ್ನು ಸಿಗ್ನಲ್‌ಗೆ ಸಂಬಂಧಿಸಿದ ವಸ್ತುವೆಂದು ಯಾರೂ ಎಣಿಸುವುದಿಲ್ಲ. ಆದರೆ ರೆಸಿಸ್ಟರ್ ಇಲ್ಲದ ಹಳೆಯ ಬಗೆಯ ಪ್ಲಗ್ ಮತ್ತು ಬರಿಯ ತಾಮ್ರದ ತಂತಿಯ ಪ್ಲಗ್ ವಾಯರ್ ಸೇರಿದರೆ ಆ ಎಂಜಿನ್ ಒಂದು ಸಣ್ಣ ರೇಡಿಯೊ ಕೇಂದ್ರವೇ ಸರಿ. ಸೆನ್ಸರ್ ವಾಯರನ್ನು ಅದರ ಪಕ್ಕದಲ್ಲಿ ಕಟ್ಟಿದರೆ ಪ್ರತಿ ಕಿಡಿಯೂ ಒಂದು ಸುಳ್ಳು ಹಲ್ಲಾಗಿ ಎಣಿಕೆಯಾಗುತ್ತದೆ. ಎನ್.ಜಿ.ಕೆ. ಪ್ಲಗ್ಗಿನ ಬಿ.ಪಿ.6.ಇ.ಎಸ್. ಮತ್ತು ಬಿ.ಪಿ.ಆರ್.6.ಇ.ಎಸ್. ಎಂಬ ಎರಡು ಸಂಖ್ಯೆಗಳ ನಡುವಿನ ‘ಆರ್’ ಅಕ್ಷರವು ರೆಸಿಸ್ಟರ್‌ನ ಗುರುತು. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಕೊಡುವ ಅಭ್ಯಾಸ ಪಾಯಿಂಟ್ ಕಾಲಕ್ಕೆ ಸರಿ, ಈ ಕಾಲಕ್ಕೆ ಸಲ್ಲದು. ಸೆನ್ಸರ್ ವಾಯರಿನ ಮೇಲಿನ ಕವಚವನ್ನೂ ಘಟಕದ ಕಡೆಯ ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು.

ಘಟಕದಿಂದ ಹೊರಹೋಗುವ ಸಿಗ್ನಲ್‌ನಲ್ಲಿ ಆಗುವ ತಪ್ಪು ಹೆಚ್ಚು ದುಬಾರಿ. ಇಗ್ನೈಟರ್ ಮೇಲೇರುವ ಸಿಗ್ನಲ್‌ಗೆ ಕಾಯಿಲ್ ತುಂಬುತ್ತದೆಯೋ ಕೆಳಗಿಳಿಯುವ ಸಿಗ್ನಲ್‌ಗೆ ತುಂಬುತ್ತದೆಯೋ ಎಂಬುದನ್ನು ಘಟಕದಲ್ಲಿ ತಿಳಿಸಬೇಕಾಗುತ್ತದೆ. ಇದು ತಿರುವುಮುರುವಾದರೆ, ಕಾಯಿಲ್ ತುಂಬಲು ಆರಂಭವಾಗಬೇಕಾದ ಕ್ಷಣದಲ್ಲಿ ಕಿಡಿ ಹಾರುತ್ತದೆ. ತುಂಬುವ ಅವಧಿ 3 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಸಾವಿರ ಸುತ್ತಿನಲ್ಲಿ 18 ಡಿಗ್ರಿ ಮುಂಚಿತ, ಮೂರು ಸಾವಿರ ಸುತ್ತಿನಲ್ಲಿ 54 ಡಿಗ್ರಿ. ಸ್ಟಾರ್ಟರ್‌ನ ಮೂತಿ ಮುರಿಯಲು ಅಷ್ಟು ಸಾಕು. ಉಳಿದ ಸಮಯವೆಲ್ಲ ಕಾಯಿಲಿನಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಮೂರು ಓಮ್‌ನ ಹಳೆಯ ಕಾಯಿಲ್ ನಾಲ್ಕು ಆಂಪಿಯರ್ ಎಳೆದು ಬಿಸಿಯಾದರೆ, ಮುಕ್ಕಾಲು ಓಮ್‌ನ ಹೊಸ ಕಾಯಿಲ್ ಹದಿನಾರು ಆಂಪಿಯರ್‌ನತ್ತ ಹೋಗಿ ಇಗ್ನೈಟರನ್ನೂ ಜೊತೆಗೆ ಕೊಂಡೊಯ್ಯುತ್ತದೆ. ‘ಹೊಸ ಕಾಯಿಲ್ ಎರಡೇ ನಿಮಿಷಕ್ಕೆ ಸುಟ್ಟಿತು, ಮಾಲು ಡುಪ್ಲಿಕೇಟ್’ ಎಂಬ ದೂರು ಬಂದಾಗ ಅಂಗಡಿಯವರು ಮೊದಲು ಕೇಳಬೇಕಾದುದು ಇದನ್ನೇ.

ಮಾರುತಿ 800 ಮತ್ತು ಓಮ್ನಿಗಳ ಬಗ್ಗೆ ವರ್ತಕರಿಗೆ ಒಂದು ಪ್ರತ್ಯೇಕ ಎಚ್ಚರಿಕೆ ಅವಶ್ಯ. ಅಂಬಾಸಿಡರ್, ಪದ್ಮಿನಿಗಳಂತಹ ನಾಲ್ಕು ಸಿಲಿಂಡರ್‌ಗಳ ಎಂಜಿನ್ನಿನಲ್ಲಿ 1–4 ಮತ್ತು 2–3 ಸಿಲಿಂಡರ್‌ಗಳ ಪಿಸ್ಟನ್‌ಗಳು ಜೊತೆಜೊತೆಯಾಗಿ ಏರುವುದರಿಂದ ಜೋಡಿ ತುದಿಗಳ ಕಾಯಿಲ್ ಪ್ಯಾಕ್ ಹೊಂದುತ್ತದೆ. ಮಾರುತಿಯದು ಮೂರು ಸಿಲಿಂಡರ್. ಕಿಡಿಗಳು ಕ್ರ್ಯಾಂಕಿನ 240 ಡಿಗ್ರಿಗೊಮ್ಮೆ ಬರುತ್ತವೆ, ಜೋಡಿಯೇ ಇಲ್ಲ. ಅಲ್ಲಿ ಡಿಸ್ಟ್ರಿಬ್ಯೂಟರನ್ನು ಹಂಚುವ ಕೆಲಸಕ್ಕಷ್ಟೇ ಉಳಿಸಿಕೊಳ್ಳಬೇಕು, ಇಲ್ಲವೇ ಮೂರು ಬಿಡಿ ಕಾಯಿಲ್‌ಗಳನ್ನು ಹಾಕಬೇಕು. ನಾಲ್ಕು ಸಿಲಿಂಡರ್ ಕಿಟ್ಟನ್ನು ‘ಒಂದು ತುದಿ ಬಿಟ್ಟರಾಯಿತು’ ಎಂದು ಮಾರುವುದು ಗೊತ್ತಿಲ್ಲದೆ ಮಾಡಿದರೆ ಅಜ್ಞಾನ, ಗೊತ್ತಿದ್ದೂ ಮಾಡಿದರೆ ವ್ಯಾಪಾರವಲ್ಲ.

ಮೇಲಿನ ಯಾವ ದೋಷವೂ ಘಟಕದ ದೋಷವಲ್ಲ ಎಂಬುದು ಗಮನಾರ್ಹ. ಎಲ್ಲವೂ ಅಳೆದರೆ ತಿಳಿಯುವಂಥವು. ಆದ್ದರಿಂದ ಮಾರಾಟದ ಷರತ್ತು ಬದಲಾಗಬೇಕಾದ ಕಾಲ ಬಂದಿದೆ. ‘ಮರಳಿ ಪಡೆಯುವುದಿಲ್ಲ’ ಎಂಬ ಫಲಕದ ಬದಲು ‘ಸಿಗ್ನಲ್ ಚೀಟಿ ತಂದರೆ ಪರಿಶೀಲಿಸಲಾಗುವುದು’ ಎಂಬ ನಿಯಮ ಬರಲಿ. ಆ ಚೀಟಿಯಲ್ಲಿ ಹೆಚ್ಚೇನೂ ಬೇಕಿಲ್ಲ: ಕಾಯಿಲ್ ಕಳಚಿಟ್ಟು ಸ್ಟಾರ್ಟರ್ ಎಳೆಯುವಾಗ ಘಟಕದ ತುದಿಯಲ್ಲಿ ಇದ್ದ ವೋಲ್ಟೇಜ್, ಅದೇ ವೇಳೆ ಬ್ಲಾಕಿನ ಅರ್ತ್ ಕುಸಿತ, ಸೆನ್ಸರ್ ಅಲೆಯ ಒಂದು ಛಾಯಾಚಿತ್ರ, ಇಗ್ನೈಟರ್ ಯಾವ ಬಗೆಯದೆಂಬ ಟಿಪ್ಪಣಿ, ಮತ್ತು ಎಂಜಿನ್ ಓಡಿದ್ದರೆ ಟೈಮಿಂಗ್ ದೀಪದಲ್ಲಿ ಕಂಡ ಡಿಗ್ರಿ. ಈ ಕೊನೆಯ ಅಳತೆಯನ್ನು ಘಟಕದಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ ಎರಡು ವೇಗಗಳಲ್ಲಿ ನೋಡಬೇಕು. ಸಿಗ್ನಲ್ ದಾರಿಯಲ್ಲಿ ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟು ವಿಳಂಬವಿದ್ದರೂ ಸಾವಿರ ಸುತ್ತಿನಲ್ಲಿ ಅರ್ಧ ಡಿಗ್ರಿಯ ಮೇಲೆ ಸ್ವಲ್ಪ ತಪ್ಪಿದ್ದು ಆರು ಸಾವಿರದಲ್ಲಿ ಮೂರೂವರೆ ಡಿಗ್ರಿ ದಾಟುತ್ತದೆ. ಒಂದೇ ವೇಗದಲ್ಲಿ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಇದಕ್ಕೆ ವರ್ತಕರಿಂದ ಬರಬಹುದಾದ ಆಕ್ಷೇಪವೂ ನಿರಾಧಾರವಲ್ಲ. ಚೀಟಿಯಲ್ಲಿ ಸುಳ್ಳು ಬರೆಯಬಹುದು; ಮೊದಲ ಜೋಡಣೆಯಲ್ಲಿ ಸುಟ್ಟು, ಆಮೇಲೆ ಸರಿಯಾಗಿ ಜೋಡಿಸಿ ಅಳೆದಿರಬಹುದು. ಹೌದು. ಆದರೆ ಸರಿಯಾಗಿ ಅಳೆದವನಿಗೆ ಬಹುತೇಕ ಸಂದರ್ಭಗಳಲ್ಲಿ ಮರಳಿಸುವ ಅವಶ್ಯಕತೆಯೇ ಬೀಳುವುದಿಲ್ಲ, ಏಕೆಂದರೆ ದೋಷ ಅವನ ಕಣ್ಣೆದುರೇ ಸಿಕ್ಕಿರುತ್ತದೆ. ಚೀಟಿಯ ನಿಜವಾದ ಉಪಯೋಗ ವಸ್ತುವನ್ನು ಮರಳಿ ಪಡೆಯುವುದರಲ್ಲಿಲ್ಲ, ಮರಳಿ ಬಾರದಂತೆ ಮಾಡುವುದರಲ್ಲಿದೆ. ಘಟಕ ಮಾರುವವರೂ ತಮ್ಮ ಪಾಲನ್ನು ಸಲ್ಲಿಸಬೇಕು. ಸರಿಯಾದ ಅಲೆ ಹೇಗಿರುತ್ತದೆ, ತಪ್ಪಾದದ್ದು ಹೇಗಿರುತ್ತದೆ ಎಂಬ ಎರಡು ಚಿತ್ರಗಳಿರುವ ಒಂದು ಹಾಳೆಯನ್ನು ಕನ್ನಡದಲ್ಲಿ ಮುದ್ರಿಸಿ ಪೆಟ್ಟಿಗೆಯಲ್ಲಿಡಲು ತಗಲುವ ವೆಚ್ಚ ಒಂದು ಕೊರಿಯರ್ ರಸೀದಿಗಿಂತ ಹೆಚ್ಚಲ್ಲ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ಇದರಲ್ಲಿ ಇರುವ ಅವಕಾಶ ಇನ್ನೂ ಸ್ಪಷ್ಟ. 1951ರಲ್ಲಿ ಆರಂಭವಾದ ಮೈಕೋ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಕಾರ್ಖಾನೆ, ಸ್ಪಾರ್ಕ್ ಪ್ಲಗ್ ಎಂಬ ವಸ್ತುವನ್ನು ಬೆಂಗಳೂರಿನ ವಸ್ತುವನ್ನಾಗಿ ಮಾಡಿತು. ಘಟಕದ ವಿನ್ಯಾಸವೂ ಈಗ ಗುಟ್ಟಾಗಿ ಉಳಿದಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ‘ಸ್ಪೀಡುಯಿನೊ’ದಂತಹ ಮುಕ್ತ ವಿನ್ಯಾಸಗಳಿವೆ, ಪರವಾನಗಿಯ ಷರತ್ತುಗಳನ್ನು ಓದಿ ಪಾಲಿಸಿದರೆ ಯಾರೂ ಜೋಡಿಸಬಹುದು. ಹಾಗೆಂದು ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಮಾಲೀಕರು ನಾಳೆಯೇ ಘಟಕ ತಯಾರಿಸಬೇಕೆಂದಲ್ಲ. ಕೊರತೆ ಇರುವುದು ಅದಕ್ಕಿಂತ ಸರಳ ವಸ್ತುಗಳಲ್ಲಿ. ಪದ್ಮಿನಿಯ ಪುಲ್ಲಿಗೆ, ಅಂಬಾಸಿಡರ್ ಪುಲ್ಲಿಗೆ, ಓಮ್ನಿಯ ಪುಲ್ಲಿಗೆ ಅಳತೆಗೆ ತಕ್ಕಂತೆ ಕೂರುವ ಹಲ್ಲಿನ ಚಕ್ರ, ಅಲುಗಾಡದ ಸೆನ್ಸರ್ ಬ್ರ್ಯಾಕೆಟ್, ಕವಚವಿರುವ ಸಿದ್ಧ ವಾಯರಿಂಗ್. ಚಕ್ರ ಉಕ್ಕಿನದೇ ಆಗಿರಬೇಕು. ಅಲ್ಯುಮಿನಿಯಂ ಚಕ್ರ ನೋಡಲು ಚೆಂದ, ಸುರುಳಿಯ ಸೆನ್ಸರ್‌ಗೆ ಮಾತ್ರ ಅದು ಕಾಣುವುದಿಲ್ಲ. ಅಂತರವೇ ಒಂದು ಮಿಲಿಮೀಟರ್‌ಗಿಂತ ಕಡಿಮೆಯಿರುವಾಗ ಚಕ್ರದ ಓಲಾಟ ಅದರ ಒಂದು ಸಣ್ಣ ಪಾಲನ್ನೂ ಮೀರಬಾರದು. ಪುಲ್ಲಿಯ ಮೇಲೆ ಕೂಡಿಸಿದ ನಂತರ ಡಯಲ್ ಗೇಜ್‌ನಲ್ಲಿ ನೋಡಿ ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಬರೆದು ಕೊಟ್ಟರೆ, ಅದೇ ಆ ತಯಾರಕನ ಜಾಹೀರಾತು.

ಕಾನೂನಿನ ವಿಷಯವನ್ನು ಸಂಕ್ಷಿಪ್ತವಾಗಿ ಹೇಳಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತಹ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಹಾವೇರಿ ಜಿಲ್ಲೆಯ ಮಾಲೀಕರು ಕೆಲಸ ಆರಂಭಿಸುವ ಮುನ್ನ ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಲೇಸು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರ ಜುಲೈನಲ್ಲಿ ಪ್ರಕಟವಾದ ವಿಂಟೇಜ್ ನೋಂದಣಿಯ ನಿಯಮಗಳು ವಾಹನ ಮೂಲ ಸ್ವರೂಪದಲ್ಲಿಯೇ ಇರಬೇಕೆಂದು ಕೇಳುತ್ತವೆ. ಆದಕಾರಣ ಕಳಚಿದ ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್ ಮತ್ತು ಕಾಯಿಲ್‌ಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಟ್ಟು ಮಾಲೀಕನಿಗೆ ಒಪ್ಪಿಸಿ ಬಿಲ್ಲಿನಲ್ಲಿ ಬರೆಯಬೇಕು. ಹಳೆಯ ಟ್ಯಾಕೋಮೀಟರ್ ಕೆಲಸ ನಿಲ್ಲಿಸಿದರೆ ಅದನ್ನೂ ಕಿತ್ತೆಸೆಯುವ ಅಗತ್ಯವಿಲ್ಲ. ಅದು ಕಾಯಿಲ್ ನೆಗೆಟಿವ್‌ನ ಹೊಡೆತಕ್ಕೆ ಒಗ್ಗಿದ್ದು, ಘಟಕದ ಟ್ಯಾಕೋ ತುದಿಯಿಂದ ತಕ್ಕ ಸಿಗ್ನಲ್ ಕೊಟ್ಟರೆ ಮತ್ತೆ ಓಡುತ್ತದೆ.

ಕೊನೆಗೆ ಉಳಿಯುವುದು ದರದ ಪ್ರಶ್ನೆ. ಜೋಡಣೆಯ ಕೂಲಿಯಲ್ಲಿಯೇ ಪರೀಕ್ಷೆ ಸೇರಿದೆ ಎಂದು ಮಾಲೀಕರು ಭಾವಿಸುತ್ತಾರೆ. ಸ್ಟಾರ್ಟ್ ಆದರೆ ಮಾತ್ರ ಹಣ ಎಂಬ ಒಪ್ಪಂದಕ್ಕೆ ಇಲೆಕ್ಟ್ರಿಷಿಯನ್‌ಗಳೂ ತಲೆಬಾಗುತ್ತಾರೆ, ಅದಕ್ಕಾಗಿಯೇ ಅಳೆಯುವ ಬದಲು ಬದಲಾಯಿಸುತ್ತಾ ಹೋಗುತ್ತಾರೆ. ಸಿಗ್ನಲ್ ಪರೀಕ್ಷೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಯುವ, ಎಂಜಿನ್ ಓಡಲಿ ಬಿಡಲಿ ಚೀಟಿ ಕೈಗೆ ಬಂದ ಕೂಡಲೇ ಆ ಹಣ ಸಲ್ಲುವ ಪದ್ಧತಿಯನ್ನು ವಾಣಿಜ್ಯ ಸಂಸ್ಥೆಗಳ ವಾಹನ ಬಿಡಿಭಾಗ ವಿಭಾಗಗಳು ತಮ್ಮ ಸದಸ್ಯರ ನಡುವೆ ಮೊದಲು ಜಾರಿಗೆ ತರಬಹುದು. ಒಂದು ಆಸಿಲೋಸ್ಕೋಪನ್ನು ಹುಬ್ಬಳ್ಳಿಯ ಬಿಡಿಭಾಗ ವರ್ತಕರೊಬ್ಬರು ಅಂಗಡಿಯಲ್ಲಿಟ್ಟು ದಿನದ ಬಾಡಿಗೆಗೆ ಕೊಟ್ಟರೂ, ತಿಳವಳ್ಳಿಯ ಇಲೆಕ್ಟ್ರಿಷಿಯನ್ ಮೂರು ಬಾರಿ ಬರುವ ಕಡೆ ಒಂದೇ ಬಾರಿ ಬಂದಾನು. ಆ ಬಾಡಿಗೆಗೆ ಠೇವಣಿ ಎಷ್ಟು, ಪ್ರೋಬ್ ಮುರಿದರೆ ಯಾರು ಕೊಡಬೇಕು ಎಂಬ ವಿವರಗಳನ್ನು ಬಿಡಿಭಾಗ ವರ್ತಕರೇ ಕುಳಿತು ನಿರ್ಧರಿಸಬೇಕಾಗಿದೆ.